ದೂರದರ್ಶಕದ ಕನ್ನಡಿಗೆ ಹೊಳಪು ಕೊಡುವ ಟೂಲ್: ಯಾವ ಸಾಮಾನು, ಯಾಕೆ?

ಒಂದು ಲೆಕ್ಕದಿಂದ ಶುರು ಮಾಡೋಣ. 150 ಮಿಲಿಮೀಟರ್ ಅಗಲದ ಎಫ್/8 ಕನ್ನಡಿ, ಅಂದರೆ ಬೆಳಕು ಕೂಡುವ ಫೋಕಲ್ ದೂರ ಅಗಲದ ಎಂಟು ಪಟ್ಟು, 1200 ಮಿ.ಮೀ. ಮನೆಯಲ್ಲಿ ಮೊದಲ ಸಲ ಕನ್ನಡಿ ತಿಕ್ಕುವವರಿಗೆ ಅನುಭವಸ್ಥರು ಸಾಮಾನ್ಯವಾಗಿ ಹೇಳುವ ಅಳತೆ ಇದು. ಇದರ ನಡುವಿನ ತಗ್ಗು 1.17 ಮಿ.ಮೀ. ಒರಟು ಪುಡಿ ಹಾಕಿ ಅಷ್ಟು ಆಳ ತೋಡುವುದು ಬರೀ ರಟ್ಟೆಯ ಕೆಲಸ. ಆಮೇಲೆ ಆ ಗೋಳದ ಮೈಯನ್ನು ಪರವಲಯಕ್ಕೆ, ಅಂದರೆ ಪ್ಯಾರಾಬೋಲ ಆಕಾರಕ್ಕೆ, ತರಬೇಕು. ನಡುವಲ್ಲಿ ಎರಡನ್ನೂ ಕೂಡಿಸಿ ಇಟ್ಟರೆ ಅಂಚಲ್ಲಿ ಬರುವ ವ್ಯತ್ಯಾಸ ಎಷ್ಟು ಗೊತ್ತಾ? 0.29 ಮೈಕ್ರಾನ್; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಆ ಆಕಾರದಲ್ಲಿ ನಾವು ಮಾಡಬಹುದಾದ ತಪ್ಪು ಇನ್ನೂ ಕಮ್ಮಿ, ಸುಮಾರು 0.07 ಮೈಕ್ರಾನ್. ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲು ಅಂದುಕೊಳ್ಳಿ.

ಇಷ್ಟು ಸಣ್ಣ ಕೆಲಸವನ್ನು ಬರಿಗೈಯಲ್ಲಿ, ಅಡುಗೆಮನೆ ಸ್ಟೂಲಿನ ಮೇಲೆ ಮಾಡಬಹುದು. ಜನ ಮಾಡುತ್ತಲೂ ಇದ್ದಾರೆ. ಅದು ಸಾಧ್ಯವಾಗುವುದು ಕನ್ನಡಿಯ ಕೆಳಗೆ ಇರುವ ಟೂಲಿನಿಂದ. ಹೊಳಪು ಕೊಡುವ ಈ ಟೂಲಿಗೆ ಲ್ಯಾಪ್ ಅನ್ನುತ್ತಾರೆ. ಅದಕ್ಕೆ ಮೂರು ಭಾಗ: ಗಟ್ಟಿಯಾದ ಒಂದು ಅಡಿ, ಅದರ ಮೇಲೆ ಒಂದು ಮೆತ್ತನೆ ಪದರ, ಆ ಪದರದ ಮೇಲೆ ಹೊಳಪಿನ ಪುಡಿ. ಮೂರಕ್ಕೂ ಸಾಮಾನು ಆರಿಸಬೇಕು. ನನ್ನ ಪ್ರಕಾರ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಅಡಿಯ ಬಗ್ಗೆ, ಪುಡಿಯ ಬಗ್ಗೆ. ಕನ್ನಡಿ ಕೆಡುವುದು ಮಾತ್ರ ಬಹುತೇಕ ನಡುವಿನ ಪದರದಲ್ಲಿ.

ತಿಕ್ಕಿದ ಟೂಲಿನಲ್ಲೇ ಹೊಳಪನ್ನೂ ಯಾಕೆ ಕೊಡಬಾರದು ಅಂತ ಕೇಳಬಹುದು. ಗಾಜನ್ನು ತೋಡುವಾಗ ಒರಟು ಪುಡಿಯ, ಅಂದರೆ ಸಿಲಿಕಾನ್ ಕಾರ್ಬೈಡಿನ, ಕಾಳುಗಳು ಕನ್ನಡಿ, ಟೂಲ್ ಎಂಬ ಎರಡು ಗಟ್ಟಿ ಮೈಗಳ ನಡುವೆ ಉರುಳುತ್ತವೆ. ಉರುಳುತ್ತಾ ಗಾಜಿನ ಮೈಯಿಂದ ಸಣ್ಣ ಸಣ್ಣ ಚಕ್ಕೆ ಎಬ್ಬಿಸುತ್ತವೆ. ಪುಡಿ ಎಷ್ಟೇ ನುಣ್ಣಗಿರಲಿ, ಉರುಳುವ ಕಾಳು ಗುಳಿ ಬಿಟ್ಟೇ ಹೋಗುತ್ತದೆ. ಅದಕ್ಕೇ 5 ಮೈಕ್ರಾನ್ ಪುಡಿಯಲ್ಲಿ ತಿಕ್ಕಿದ ಮೇಲೂ ಕನ್ನಡಿ ಮಂಕಾಗಿಯೇ ಇರುತ್ತದೆ. ಹೊಳಪು ಬರಬೇಕಾದರೆ ಕಾಳು ಉರುಳಬಾರದು. ಅದು ಒಂದು ಕಡೆ ಕಚ್ಚಿಕೊಂಡು ನಿಲ್ಲಬೇಕು. ಅಕ್ಕಪಕ್ಕದ ಕಾಳುಗಳಿಗಿಂತ ಎತ್ತರವಾಗಿಯೂ ಇರಬಾರದು. ಆಗ ಅದು ಗಾಜಿನ ಉಬ್ಬುಗಳನ್ನು ಮಾತ್ರ ಸವರಿಕೊಂಡು ಹೋಗುತ್ತದೆ, ಗುಳಿಯ ತಳ ಮುಟ್ಟುವುದಿಲ್ಲ. ಉಬ್ಬು ಸವೆದು ಗುಳಿಯ ತಳದವರೆಗೆ ಇಳಿದ ದಿನ ಕನ್ನಡಿ ಪೂರ್ತಿ ಹೊಳೆಯುತ್ತದೆ.

ಹಾಗಾದರೆ ಪದರ ಹೇಗಿರಬೇಕು? ಕಾಳು ಒಳಗೆ ಹೂತುಕೊಳ್ಳುವಷ್ಟು ಮೆತ್ತಗಿರಬೇಕು. ಕನ್ನಡಿಯ ಆಕಾರ ದಿನದಿನಕ್ಕೆ ಬದಲಾದ ಹಾಗೆ ತಾನೂ ಬದಲಾಗಬೇಕು. ಜೊತೆಗೆ, ಕನ್ನಡಿಯನ್ನು ಹಿಂದೆ ಮುಂದೆ ಎಳೆಯುವ ಆ ಒಂದೆರಡು ಸೆಕೆಂಡಿನಲ್ಲಿ ಕಲ್ಲಿನ ಹಾಗೆ ಅಲುಗಾಡದೆ ನಿಲ್ಲಬೇಕು. ಮೆತ್ತಗೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಅಂದರೆ ತಮಾಷೆ ಅನ್ನಿಸುತ್ತೆ, ಅಲ್ವಾ? ಆದರೆ ಅಂಥ ಒಂದು ವಸ್ತು ಇದೆ. ಅದರ ಹೆಸರು ಪಿಚ್, ಮರದ ಅಂಟಿನಿಂದಲೋ ಟಾರಿನಿಂದಲೋ ಬರುವ ಗಟ್ಟಿ ಅಂಟು.

ಪಿಚ್ ನೋಡಲು ಘನ. ಸುತ್ತಿಗೆಯಲ್ಲಿ ಹೊಡೆದರೆ ಚೂರು ಚೂರಾಗಿ ಸಿಡಿಯುತ್ತದೆ. ಸುಮ್ನೆ ಬಿಟ್ಟರೆ ಮಾತ್ರ ಹರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇದನ್ನು ತೋರಿಸಲೆಂದೇ ಥಾಮಸ್ ಪಾರ್ನೆಲ್ ಎಂಬ ಪ್ರೊಫೆಸರ್ 1927ರಲ್ಲಿ ಒಂದು ಗಾಜಿನ ಆಲಿಕೆಗೆ ಪಿಚ್ ಸುರಿದರು. ಅದು ನೆಲೆಗೊಳ್ಳಲಿ ಅಂತ ಬಿಟ್ಟು, 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಅಲ್ಲಿಂದ 2014ರವರೆಗೆ ಅದರಿಂದ ಕಳಚಿಕೊಂಡದ್ದು ಒಟ್ಟು ಒಂಬತ್ತು ಹನಿ. ನೀರಿಗಿಂತ ಸುಮಾರು 23,000 ಕೋಟಿ ಪಟ್ಟು ಮಂದ ಅಂತ ಲೆಕ್ಕ ಹಾಕಿದ್ದಾರೆ. ಲ್ಯಾಪಿಗೆ ಹಾಕುವ ಪಿಚ್ ಎಲ್ಲ ಇಷ್ಟೇ ಗಟ್ಟಿ ಇರಬೇಕೆಂದಿಲ್ಲ. ಗುಣ ಮಾತ್ರ ಅದೇ. ಬೇಗ ಒತ್ತಿದರೆ ಗಟ್ಟಿ, ನಿಧಾನವಾಗಿ ಒತ್ತಿದರೆ ಮೆತ್ತಗೆ.

ಇದನ್ನು ನ್ಯೂಟನ್ ಕೂಡ ಬಳಸಿದ್ದ. ಆಗ ಕನ್ನಡಿ ಗಾಜಿನದಲ್ಲ, ಲೋಹದ್ದು. ತಾಮ್ರದ ತಟ್ಟೆಯ ಮೇಲೆ ಕರಗಿದ ಪಿಚ್ ಹನಿಸಿ, ಬೆಚ್ಚಗೆ ಮಾಡಿ, ಇನ್ನೊಂದು ತಟ್ಟೆಯಿಂದ ಒತ್ತಿ ತೆಳ್ಳಗೆ ಮಾಡಿಕೊಂಡು, ಮೇಲೆ ತವರದ ಆಕ್ಸೈಡ್ ಪುಡಿ ಹಾಕಿ ಉಜ್ಜಿದೆ ಅಂತ 1704ರಲ್ಲಿ ಅವನೇ ಬರೆದಿದ್ದಾನೆ. ಮುನ್ನೂರು ವರ್ಷದ ಮೇಲಾಯಿತು. ತಾಮ್ರ ಹೋಯಿತು, ತವರದ ಪುಡಿ ಹೋಯಿತು. ಪಿಚ್ ಮಾತ್ರ ಜಾಗ ಬಿಟ್ಟಿಲ್ಲ.

ಈಗ ಯಾವ ಪಿಚ್ ಅನ್ನುವ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕನ್ನಡಿ ಕೆಲಸಕ್ಕೆಂದೇ ತಯಾರಾಗಿ ಬರುವ ಪಿಚ್ ಇದೆ. ಸ್ವಿಟ್ಜರ್ಲೆಂಡಿನ ಗುಗೋಲ್ಜ್ ಅದರಲ್ಲಿ ಹೆಸರುವಾಸಿ. 55, 64, 73, 82 ಹೀಗೆ ನಂಬರ್ ಇರುತ್ತದೆ. ನಂಬರ್ ದೊಡ್ಡದಾದಷ್ಟೂ ಪಿಚ್ ಗಟ್ಟಿ. ಯುರೋಪ್, ಅಮೆರಿಕದ ಹವ್ಯಾಸಿಗಳು 20 ಡಿಗ್ರಿ ಸುತ್ತಮುತ್ತಲಿನ ಕೋಣೆಯಲ್ಲಿ ಕೂತು 64 ಚೆನ್ನಾಗಿದೆ ಅನ್ನುತ್ತಾರೆ. ಅದನ್ನು ಓದಿ ನಾವೂ 64 ತರಿಸಿಕೊಂಡರೆ ಕಷ್ಟ. ಪಿಚ್‌ಗೆ ಡಿಗ್ರಿ ಲೆಕ್ಕ ಬಹಳ ಮುಖ್ಯ. ಕೋಣೆಯ ಬಿಸಿ ನಾಲ್ಕೈದು ಡಿಗ್ರಿ ಏರಿದರೂ ಅದು ಉಗುರಿಗೆ ಗೊತ್ತಾಗುವಷ್ಟು ಮೆತ್ತಗಾಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಸರಿಯಾಗಿ ಕೂರುವ ಪಿಚ್, ರಾಯಚೂರಿನ ಮೇ ತಿಂಗಳಲ್ಲಿ ಅಂಚಿನಿಂದ ಇಳಿದು ಸ್ಟೂಲಿಗೆ ಅಂಟಿಕೊಂಡಿರುತ್ತದೆ. ನಮ್ಮ ಸಾಮಾನ್ಯ ಹವೆಗೆ 73 ಹತ್ತಿರದ್ದು. ಕಡು ಬೇಸಿಗೆಯಲ್ಲಿ ಅದೂ ಸಾಲದೆ ಬರಬಹುದು. ಹಾಗಾಗಿ ಪಿಚ್ ಆರಿಸುವ ಮೊದಲು ಕೆಲಸ ಮಾಡುವ ಕೋಣೆಯಲ್ಲಿ ಒಂದು ಥರ್ಮಾಮೀಟರ್ ನೇತು ಹಾಕಿ. ಬೆಳಿಗ್ಗೆ ಮಧ್ಯಾಹ್ನ ನೋಡಿ. ದಿನಕ್ಕೆ ಹತ್ತು ಡಿಗ್ರಿ ಏರಿಳಿಯುವ ತಗಡಿನ ಶೆಡ್ಡಿಗಿಂತ, ಗೋಡೆ ದಪ್ಪ ಇರುವ ಒಳಕೋಣೆ ಮೇಲು.

ತರಿಸಿಕೊಳ್ಳುವುದು ದುಬಾರಿ ಅನ್ನಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಮುಖ್ಯ ಸಾಮಾನು ರೋಸಿನ್. ಪೈನ್ ಮರದ ಅಂಟನ್ನು ಬಟ್ಟಿ ಇಳಿಸಿದಾಗ ಟರ್ಪೆಂಟೈನ್ ಆವಿಯಾಗಿ ಹೋಗಿ, ಉಳಿಯುವ ಜೇನು ಬಣ್ಣದ ಗಟ್ಟಿಯೇ ರೋಸಿನ್. ಬೆಸುಗೆ ಹಾಕುವವರು ಬಳಸುವುದು ಇದನ್ನೇ, ಪಿಟೀಲಿನ ಕಮಾನಿಗೆ ಉಜ್ಜುವುದೂ ಇದನ್ನೇ. ಗ್ರಂಥಿಗೆ ಅಂಗಡಿಗೆ ಹೋಗಿ ಬರೀ ರಾಳ ಕೊಡಿ ಅಂದರೆ ಧೂಪದ ರಾಳ ಕೊಟ್ಟುಬಿಡಬಹುದು. ಅದು ಬೇರೆ ಮರದ್ದು. ರೋಸಿನ್ ಅಂತಲೇ ಕೇಳಿ.

ರೋಸಿನ್ ಒಂದೇ ಆದರೆ ಗಡಸು ಜಾಸ್ತಿ. ಅಂಚು ಒಡೆಯುತ್ತದೆ, ಕನ್ನಡಿಗೆ ಗೀರು ಬೀಳುತ್ತದೆ. ಮೆತ್ತಗೆ ಮಾಡಲು ಟರ್ಪೆಂಟೈನ್ ಅಥವಾ ಹರಳೆಣ್ಣೆ ಸೇರಿಸುತ್ತಾರೆ. ನನಗೆ ಹರಳೆಣ್ಣೆಯೇ ಇಷ್ಟ. ಟರ್ಪೆಂಟೈನ್ ಆವಿಯಾಗುತ್ತಲೇ ಇರುತ್ತದೆ. ಮತ್ತೆ ಮತ್ತೆ ಕಾಯಿಸಿದಾಗ ಪಿಚ್ ಗಟ್ಟಿಯಾಗುತ್ತಾ ಹೋಗಿ ಹದ ತಪ್ಪುತ್ತದೆ. ಹರಳೆಣ್ಣೆಗೆ ಆ ತಾಪತ್ರಯ ಕಮ್ಮಿ. ಸ್ವಲ್ಪ ಜೇನುಮೇಣ ಸೇರಿಸುವವರೂ ಇದ್ದಾರೆ. ಮೇಣ ಹಾಕಿದರೆ ಅಂಚು ಸುಲಭವಾಗಿ ಚಕ್ಕೆ ಏಳುವುದಿಲ್ಲ. ಜಾಸ್ತಿ ಹಾಕಿದರೆ ಪಿಚ್ ಹರಿಯುವ ಗುಣ ಕಳೆದುಕೊಳ್ಳುತ್ತದೆ.

ಎಷ್ಟು ಹಾಕಬೇಕು ಅಂದರೆ ಒಂದು ಅಳತೆ ಹೇಳುವುದು ಕಷ್ಟ. ಒಂದೊಂದು ರೋಸಿನ್ ಒಂದೊಂದು ಥರ. ಚಮಚ ಚಮಚವಾಗಿ ಹಾಕಿ, ಪ್ರತಿ ಸಲ ಹದ ನೋಡಬೇಕು. ಬೆಲ್ಲದ ಪಾಕದ ಹದ ನೋಡುವವರಿಗೆ ಈ ಕೆಲಸ ಹೊಸದಲ್ಲ. ಒಂದು ಹನಿ ತೆಗೆದು ನೀರಿಗೆ ಬಿಡುವುದು, ಬೆರಳಲ್ಲಿ ಮುಟ್ಟಿ ನೋಡುವುದು. ಒಂದೇ ವ್ಯತ್ಯಾಸ: ನೀರು ಕೋಣೆಯ ಬಿಸಿಯಲ್ಲೇ ಇರಬೇಕು, ಹನಿ ಅದರಲ್ಲಿ ಹತ್ತು ನಿಮಿಷವಾದರೂ ಮುಳುಗಿರಬೇಕು. ಹೊರಗೆ ತಣ್ಣಗಾದಂತೆ ಕಂಡರೂ ಒಳಗೆ ಬಿಸಿ ಇರುತ್ತದೆ. ಆಮೇಲೆ ಹೆಬ್ಬೆರಳಿನ ಉಗುರನ್ನು ನೇರವಾಗಿ ಊರಿ, ಹದವಾಗಿ ಒತ್ತಿ ಹಿಡಿಯಿರಿ. ಏನೇ ಮಾಡಿದರೂ ಉಗುರು ಇಳಿಯದಿದ್ದರೆ ಗಡಸು. ಇಟ್ಟ ತಕ್ಷಣ ಇಳಿದರೆ ಮೆತ್ತಗೆ. ಕೆಲವು ಸೆಕೆಂಡು ತಡೆದು, ಆಮೇಲೆ ನಿಧಾನವಾಗಿ ಒಂದು ಗುರುತು ಮೂಡಿದರೆ ಹದ ಬಂತು. ಅದೇ ಹನಿಯನ್ನು ಕಲ್ಲಿನ ಮೇಲಿಟ್ಟು ಕುಟ್ಟಿದರೆ ಚೂರಾಗಬೇಕು, ಚಪ್ಪಟೆ ಆಗಬಾರದು.

ಕಾಯಿಸುವಾಗ ಒಂದು ಎಚ್ಚರಿಕೆ. ರೋಸಿನ್, ಟರ್ಪೆಂಟೈನ್ ಎರಡೂ ಬೆಂಕಿ ಹಿಡಿಯುತ್ತವೆ. ಗ್ಯಾಸ್ ಉರಿಯ ಬದಲು ಎಲೆಕ್ಟ್ರಿಕ್ ಒಲೆ ಇಟ್ಟುಕೊಳ್ಳಿ, ಕಿಟಕಿ ತೆರೆದಿಡಿ, ಟರ್ಪೆಂಟೈನ್ ಹಾಕುವುದಿದ್ದರೆ ಪಾತ್ರೆ ಒಲೆಯಿಂದ ಕೆಳಗಿಳಿಸಿದ ಮೇಲೆ ಹಾಕಿ. ಕುದಿಸಬೇಡಿ, ಕರಗಿದರೆ ಸಾಕು. ಆ ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ. ಕರಗಿದ್ದನ್ನು ಹಳೇ ನೈಲಾನ್ ಬಟ್ಟೆಯಲ್ಲಿ ಸೋಸಿ. ರೋಸಿನ್ ಮೂಟೆಯಲ್ಲಿ ಮರದ ಸಿಪ್ಪೆ, ಮರಳು ಏನಾದರೂ ಇದ್ದೇ ಇರುತ್ತದೆ. ಮರಳಿನ ಒಂದೇ ಕಾಳು ಸಾಕು, ಕನ್ನಡಿ ಪೂರ್ತಿ ಗೀಚಿ ಹಾಕುತ್ತದೆ. ರಸ್ತೆಗೆ ಹಾಕುವ ಡಾಂಬರು ಪುಕ್ಕಟೆ ಸಿಗುತ್ತದಲ್ಲ ಅಂತ ಕೇಳುವವರಿಗೂ ಇದೇ ಉತ್ತರ. ಅದರಲ್ಲಿ ಕಲ್ಲುಪುಡಿ ಇಲ್ಲದ ಜಾಗವೇ ಇರುವುದಿಲ್ಲ. ಕಲ್ಲಿದ್ದಲಿನ ಟಾರಿನಿಂದ ಬರುವ ಪಿಚ್ ಕ್ಯಾನ್ಸರ್‌ಕಾರಕ ಕೂಡ. ಅದರ ಹತ್ತಿರ ಹೋಗಬೇಡಿ.

ಪಿಚ್ ಬಿಟ್ಟು ಬೇರೆ ಏನೂ ಇಲ್ಲವಾ? ಇದೆ. ಬಟ್ಟೆ, ಫೆಲ್ಟ್ ಅನ್ನುವ ಒತ್ತಿದ ಉಣ್ಣೆ, ಪಾಲಿಯುರೆಥೇನ್ ಹಾಳೆ. ಕನ್ನಡಕದ ಗಾಜಿಗೆ, ಗಾಜಿನ ಅಂಗಡಿಯ ಅಂಚಿನ ಕೆಲಸಕ್ಕೆ ಇವೇ ಬಳಕೆ. ಬೇಗ ಹೊಳೆಯುತ್ತದೆ, ನಿಜ. ಆದರೆ ಫೆಲ್ಟ್‌ನ ಎಳೆ ಗುಳಿಯೊಳಕ್ಕೂ ಇಳಿದು ತಳವನ್ನೂ ಹೊಳೆಸುತ್ತದೆ. ಕಣ್ಣಿಗೆ ಹೊಳಪು ಕಾಣುತ್ತದೆ, ಮೈ ಮಾತ್ರ ಕಿತ್ತಳೆ ಸಿಪ್ಪೆಯ ಥರ ಏರುಪೇರಾಗಿಯೇ ಉಳಿಯುತ್ತದೆ. ಅಂಚೂ ಕೆಳಗೆ ಬಾಗುತ್ತದೆ. ಓದುವ ಕನ್ನಡಕಕ್ಕೆ ಅದು ನಡೆಯುತ್ತದೆ. ಶನಿಯ ಉಂಗುರವನ್ನು ಇನ್ನೂರು ಪಟ್ಟು ದೊಡ್ಡದು ಮಾಡಿ ನೋಡುವ ಕನ್ನಡಿಗೆ ನಡೆಯುವುದಿಲ್ಲ.

ಇವುಗಳ ನಡುವೆ ನನಗೆ ತುಂಬ ಮಜಾ ಅನ್ನಿಸುವುದು ಜೇನುಮೇಣದ ಹಾಳೆ. ಜೇನು ಸಾಕುವವರು ಪೆಟ್ಟಿಗೆಯ ಚೌಕಟ್ಟಿಗೆ ಕೂರಿಸುತ್ತಾರಲ್ಲ, ಆರು ಮೂಲೆಯ ಅಚ್ಚು ಒತ್ತಿದ್ದು, ಅದೇ. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಹವ್ಯಾಸಿಗಳು ಇದನ್ನು ಟೂಲಿಗೆ ಅಂಟಿಸಿ ಹೊಳಪು ಕೊಡುತ್ತಿದ್ದರು. ಕಾಯಿಸುವ ಗೋಜಿಲ್ಲ, ಪಿಚ್‌ಗೆ ಮಾಡುವ ಹಾಗೆ ನೀರಿಗೆಂದು ಕಾಲುವೆ ಕತ್ತರಿಸುವ ಗೋಜಿಲ್ಲ. ಪಿಚ್‌ಗಿಂತ ಬೇಗ ಕೆಲಸ ಆಗುತ್ತದೆ. ಮೈ ಮಾತ್ರ ಪಿಚ್‌ನಷ್ಟು ನಯವಾಗುವುದಿಲ್ಲ. ಹೊಳಪು ಬರುವವರೆಗೆ ಮೇಣದ ಹಾಳೆ, ಕೊನೆಯ ಆಕಾರಕ್ಕೆ ಪಿಚ್ ಅಂತ ಎರಡು ಟೂಲ್ ಇಟ್ಟುಕೊಂಡವರೂ ಇದ್ದರು. ಶಿರಸಿ, ಕೊಡಗಿನ ಕಡೆಯವರು ಬೇಕಾದರೆ ಪ್ರಯತ್ನಿಸಬಹುದು.

ಅಡಿಯ ವಿಷಯಕ್ಕೆ ಬಂದರೆ, ಅದಕ್ಕಿರುವ ಕೆಲಸ ಒಂದೇ: ಬಾಗದೆ ಇರುವುದು. ಗಾಜಿನ ತಟ್ಟೆ ಎಲ್ಲಕ್ಕಿಂತ ಒಳ್ಳೆಯದು. ನೀರಿಗೆ ಉಬ್ಬುವುದಿಲ್ಲ, ಕನ್ನಡಿಯ ಜೊತೆಯಲ್ಲೇ ತಿಕ್ಕಿದ್ದರಿಂದ ಆಕಾರ ತಾನಾಗಿಯೇ ಹೊಂದಿರುತ್ತದೆ. ಗುಳಿಗಳಲ್ಲಿ ಒರಟು ಪುಡಿ ಉಳಿದಿರದಂತೆ ಬ್ರಷ್ ಹಾಕಿ ಚೆನ್ನಾಗಿ ತೊಳೆಯಬೇಕು, ಅಷ್ಟೇ. ಗಾಜು ದುಬಾರಿ ಅನ್ನುವವರು ಪ್ಲಾಸ್ಟರ್ ಎರೆಯುತ್ತಾರೆ. ಕನ್ನಡಿಯ ಮುಖಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ರಟ್ಟಿನ ಕಟ್ಟು ಕಟ್ಟಿ, ಮೇಲೆ ಎರೆದರೆ ತಕ್ಕ ಉಬ್ಬು ಸಿಕ್ಕಿಬಿಡುತ್ತದೆ.

ಇಲ್ಲಿ ಮಾಮೂಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ಡೆಂಟಲ್ ಸ್ಟೋನ್ ತನ್ನಿ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವ ಪುಡಿ. ಎರಡೂ ಜಿಪ್ಸಂನಿಂದಲೇ ಬಂದವು. ವ್ಯತ್ಯಾಸ ಇರುವುದು ಅವು ಎಷ್ಟು ನೀರು ಹೀರುತ್ತವೆ ಅನ್ನುವುದರಲ್ಲಿ. 100 ಗ್ರಾಂ ಪ್ಲಾಸ್ಟರಿಗೆ 50 ಮಿಲಿಲೀಟರ್ ಹತ್ತಿರ ನೀರು ಬೇಕು, ಡೆಂಟಲ್ ಸ್ಟೋನಿಗೆ 30 ಸಾಕು. ಜಾಸ್ತಿಯಾದ ನೀರು ಒಣಗಿ ಹೋದ ಕಡೆ ಸಣ್ಣ ತೂತು ಉಳಿಯುತ್ತದೆ. ತೂತು ಕಮ್ಮಿ ಇದ್ದಷ್ಟೂ ಗಟ್ಟಿ ಜಾಸ್ತಿ. ಯಾವುದೇ ಆಗಲಿ, ಎರೆದ ಮೇಲೆ ಹಲವು ದಿನ ಒಣಗಲು ಬಿಟ್ಟು, ಸುತ್ತಲೂ ಎಪಾಕ್ಸಿ ಬಳಿಯಬೇಕು. ಇಲ್ಲದಿದ್ದರೆ ನೀರು ಹೀರಿ ಪುಡಿ ಉದುರುತ್ತದೆ, ಒದ್ದೆ ಪ್ಲಾಸ್ಟರಿಗೆ ಪಿಚ್ ಹಿಡಿಯುವುದೂ ಇಲ್ಲ. ನೆಲದ ಟೈಲ್ಸ್ ಚೂರು ಅಂಟಿಸಿದ ಟೂಲ್ ತಿಕ್ಕುವುದಕ್ಕೆ ಬಹಳ ಚೆನ್ನ. ಹೊಳಪಿಗೆ ಮಾತ್ರ ಬೇರೆ ಅಡಿ ಎರೆದುಕೊಳ್ಳಿ, ಟೈಲ್ಸ್ ಸಂದಿಯಲ್ಲಿ ಅಡಗಿದ ಒರಟು ಕಾಳನ್ನು ದೇವರೂ ತೊಳೆಯಲಾರ. ಮರ, ಪ್ಲೈವುಡ್ ಮಳೆಗಾಲದಲ್ಲಿ ಮುರುಟುತ್ತವೆ. ಅಲ್ಯೂಮಿನಿಯಂ ನಡೆಯುತ್ತದೆ, 150 ಮಿ.ಮೀ. ಕನ್ನಡಿಗೆ ಅಷ್ಟು ಖರ್ಚು ಬೇಕಿಲ್ಲ.

ಪಿಚ್ ಎರೆಯುವ ದಿನ ಸಾಮಾನೆಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಲೆಕ್ಕಕ್ಕೆ, ಐದಾರು ಮಿ.ಮೀ. ದಪ್ಪದ ಪದರಕ್ಕೆ ಸುಮಾರು 100 ಗ್ರಾಂ ಪಿಚ್ ಬೇಕು. ಪಾತ್ರೆಗೆ ಅಂಟಿದ್ದು, ಚೆಲ್ಲಿದ್ದು ಸೇರಿ 250 ಗ್ರಾಂ ಕರಗಿಸಿ. ಅಡಿಯನ್ನೂ ಕನ್ನಡಿಯನ್ನೂ ಬಿಸಿನೀರಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿ. ತಣ್ಣನೆ ಅಡಿಗೆ ಎರೆದರೆ ಪಿಚ್ ಮೇಲಷ್ಟೇ ಕೂತು, ಆಮೇಲೆ ಬಿಲ್ಲೆಯಾಗಿ ಎದ್ದು ಬರುತ್ತದೆ. ಅಡಿಯನ್ನು ಒರೆಸಿ, ಟರ್ಪೆಂಟೈನಲ್ಲಿ ಕದಡಿದ ತೆಳು ಪಿಚ್ ಒಂದು ಕೈ ಬಳಿದರೆ ಹಿಡಿತ ಇನ್ನೂ ಗಟ್ಟಿ. ಸುತ್ತ ಟೇಪಿನ ಕಟ್ಟೆ ಕಟ್ಟಿ ಎರೆಯಿರಿ. ಒದ್ದೆ ಬೆರಳಿಟ್ಟರೆ ಅಂಟದಷ್ಟು ಆರಿದಾಗ ಟೇಪ್ ಬಿಚ್ಚಿ, ಕನ್ನಡಿಯ ಮುಖಕ್ಕೆ ಸೋಪು ನೀರು, ಹೊಳಪಿನ ಪುಡಿ ಧಾರಾಳವಾಗಿ ಸವರಿ ಮೇಲಿಡಿ. ಇಟ್ಟ ಮೇಲೆ ಕೈ ಬಿಡಬೇಡಿ. ಸ್ವಲ್ಪ ಸ್ವಲ್ಪ ಜಾರಿಸುತ್ತಲೇ ಇರಿ. ಒಣಗಿದ ಕಡೆ ಕಚ್ಚಿಕೊಂಡರೆ ಬಿಡಿಸುವುದು ದೊಡ್ಡ ರಾಮಾಯಣ.

ಆಮೇಲೆ ಕಾಲುವೆ. ಪದರವನ್ನು ಎರಡು ಎರಡೂವರೆ ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಬೇಕು. ಒತ್ತಿದಾಗ ಪಿಚ್ ಹರಿಯಲು ಜಾಗ ಬೇಕಲ್ಲ, ನೀರು ಎಲ್ಲ ಕಡೆ ತಲುಪಬೇಕಲ್ಲ, ಅದಕ್ಕೆ. ಒಂದು ಚೌಕದ ನಡುವಾಗಲಿ ಕಾಲುವೆಗಳು ಕೂಡುವ ಮೂಲೆಯಾಗಲಿ ಟೂಲಿನ ನಟ್ಟ ನಡುವೆ ಬರಬಾರದು. ಬಂದರೆ ಕನ್ನಡಿಯ ಮೇಲೆ ಉಂಗುರ ಉಂಗುರವಾಗಿ ಏರುತಗ್ಗು ಬೀಳುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿಸಿ ಗೆರೆ ಹಾಕಿ. ಹರಿಯುವ ನೀರಿನ ಕೆಳಗೆ ಬ್ಲೇಡ್ ಹಿಡಿದು ಕತ್ತರಿಸಿ, ಕಣ್ಣಿಗೆ ಕನ್ನಡಕ ಇರಲಿ. ಕೊನೆಗೆ ಒಂದು ತುಂಡು ಸೊಳ್ಳೆ ಪರದೆ. ಅದನ್ನು ಲ್ಯಾಪಿನ ಮೇಲೆ ಹಾಸಿ ಬೆಚ್ಚನೆ ಕನ್ನಡಿಯಿಂದ ಒತ್ತಿ ತೆಗೆದರೆ ಪ್ರತಿ ಚೌಕದ ಮೇಲೂ ಸಣ್ಣ ಸಣ್ಣ ಮನೆಗಳು ಮೂಡುತ್ತವೆ. ಪುಡಿ ಅವುಗಳಲ್ಲಿ ನಿಲ್ಲುತ್ತದೆ, ಪಿಚ್ ಕನ್ನಡಿಯ ಮೈಗೆ ಬೇಗ ಹೊಂದಿಕೊಳ್ಳುತ್ತದೆ. ಇಷ್ಟು ಅಗ್ಗದ ಸಾಮಾನಿಗೆ ಇಷ್ಟು ಉಪಯೋಗ ಇರುವುದು ಅಪರೂಪ.

ಪುಡಿಯ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ. ಸೀರಿಯಂ ಆಕ್ಸೈಡ್ ತನ್ನಿ. 100 ಗ್ರಾಂ ಸಾಕು. ಗಾಜಿನ ಕೆಲಸದವರ ಹತ್ತಿರ ಇರುತ್ತದೆ, ಆದರೆ ಅವರ ಡಬ್ಬಿಯಲ್ಲಿ ಏನೇನು ಬಿದ್ದಿದೆಯೋ ಹೇಳಲಾಗದು, ಸೀಲ್ ಆದದ್ದೇ ಕೊಳ್ಳಿ. ಸೀರಿಯಂ ಗಾಜನ್ನು ಬರೀ ಉಜ್ಜುವುದಿಲ್ಲ. ನೀರು ಗಾಜಿನ ಮೇಲ್ಪದರವನ್ನು ಸ್ವಲ್ಪ ಸಡಿಲ ಮಾಡುತ್ತದೆ, ಸೀರಿಯಂ ಅಲ್ಲಿನ ಸಿಲಿಕಾಕ್ಕೆ ಅಂಟಿಕೊಂಡು ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ನೀರಿನ ಬದಲು ಎಣ್ಣೆ ಹಾಕಿದರೆ ಹೊಳಪು ಸರಿಯಾಗಿ ಬರುವುದಿಲ್ಲ. ಹಳಬರು ಬಳಸುತ್ತಿದ್ದ ರೂಜ್, ಅಂದರೆ ನುಣ್ಣನೆ ಕಬ್ಬಿಣದ ಆಕ್ಸೈಡ್, ಬಹಳ ನಯವಾದ ಮೈ ಕೊಡುತ್ತದೆ. ತುಂಬ ನಿಧಾನ, ಕೈ, ಲುಂಗಿ, ಗೋಡೆ ಎಲ್ಲ ಕೆಂಪು. ಮೊದಲ ಕನ್ನಡಿಗೆ ಅದರ ಆಸೆ ಬೇಡ.

ಕೆಲಸ ಶುರುವಾದ ಮೇಲೆ ಪಿಚ್ ಸರಿ ಇದೆಯಾ ಅಂತ ಲ್ಯಾಪೇ ಹೇಳುತ್ತದೆ. ಅರ್ಧ ಗಂಟೆಯಲ್ಲೇ ಕಾಲುವೆ ಮುಚ್ಚಿಕೊಳ್ಳುತ್ತಿದ್ದರೆ, ಕನ್ನಡಿಯ ಅಂಚು ಇಳಿಯುತ್ತಿದ್ದರೆ, ಪಿಚ್ ಮೆತ್ತಗಾಯಿತು. ಮೈ ಮೇಲೆ ಕೂದಲಿಗಿಂತ ಸಣ್ಣ ಗೀರುಗಳು ಕಾಣುತ್ತಿದ್ದರೆ, ಎಳೆಯುವಾಗ ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರುತ್ತಿದ್ದರೆ, ಗಡಸಾಯಿತು. ಎರಡಕ್ಕೂ ಮೊದಲ ಮದ್ದು ಕೆಲಸದ ಹೊತ್ತು ಬದಲಿಸುವುದು. ಮೆತ್ತಗಿದ್ದರೆ ಮುಂಜಾನೆ ತಂಪಲ್ಲಿ ಕೂರಿ, ಗಡಸಿದ್ದರೆ ಮಧ್ಯಾಹ್ನ. ಅದರಿಂದಲೂ ಆಗದಿದ್ದರೆ ಪಿಚ್ ಕಿತ್ತು ಹೊಸದಾಗಿ ಎರೆಯಬೇಕು.

ರಾತ್ರಿ ಕನ್ನಡಿಯನ್ನು ಲ್ಯಾಪಿನ ಮೇಲೆ ಬಿಟ್ಟು ಮಲಗಬೇಡಿ. ಲ್ಯಾಪನ್ನು ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಲಗಿಸಿಯೇ ಇಡಿ. ನಿಲ್ಲಿಸಿಟ್ಟರೆ ಚೌಕಗಳು ನಿಧಾನವಾಗಿ ಒಂದು ಕಡೆಗೆ ವಾಲುತ್ತವೆ. ಎಂದಾದರೂ ಲ್ಯಾಪ್ ಮೇಲೆ ಒರಟು ಪುಡಿ ಬಿತ್ತು ಅನ್ನುವ ಅನುಮಾನ ಬಂದರೂ ಸರಿ, ಪಿಚ್ ಉಳಿಸಿಕೊಳ್ಳಲು ನೋಡಬೇಡಿ. ಗಂಟೆ ಹೊತ್ತು ಫ್ರಿಜ್ಜಿನಲ್ಲಿಟ್ಟು ಉಳಿಯಿಂದ ಮೀಟಿದರೆ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಆ ಚಕ್ಕೆಗಳನ್ನು ಮತ್ತೆ ಕರಗಿಸದೆ ಎಸೆದುಬಿಡಿ. ಅಡಿ ಹಾಗೇ ಇರುತ್ತದೆ, ಅದೇ ವಕ್ರತೆಯ ಇನ್ನೊಂದು ಕನ್ನಡಿಗೂ ಅದೇ ಸಾಕು.